ಉಬ್ಬಸಕ್ಕೆ ಸೂಜಿ ಚಿಕಿತ್ಸೆ: ಎಷ್ಟು ನಂಬಬಹುದು?

ಚಳಿಗಾಲ ಬಂತೆಂದರೆ ಉಬ್ಬಸದ ರೋಗಿಯಿರುವ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ದಿಂಬಿಗೆ ಒರಗಿ ಕುಳಿತು, ಸುಂಯ್‌ಗುಡುವ ಎದೆಯನ್ನು ನೀವಿಕೊಳ್ಳುತ್ತಾ ಬೆಳಗು ಕಾಯುವ ಕಷ್ಟ ಅನುಭವಿಸಿದವರಿಗೇ ಗೊತ್ತು. ವರ್ಷಗಟ್ಟಲೆ ಔಷಧಿ ತೆಗೆದುಕೊಂಡು ಬೇಸತ್ತವರು ಆಕ್ಯುಪಂಕ್ಚರ್, ಆಕ್ಯುಪ್ರೆಷರ್‌ಗಳತ್ತ ತಿರುಗುವುದು ಸಹಜ. ಇವುಗಳಿಂದ ಪ್ರಯೋಜನವುಂಟೆ?

ಏನಿದು ಪದ್ಧತಿ?

ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಈ ಚೀನೀ ಪದ್ಧತಿಯ ಪ್ರಕಾರ 'ಚೀ' ಎಂಬ ಜೀವಶಕ್ತಿಯ ಹರಿವಿಗೆ ಅಡ್ಡಿಯಾದಾಗ ರೋಗ ಬರುತ್ತದೆ. ನಿರ್ದಿಷ್ಟ ಬಿಂದುಗಳಲ್ಲಿ ತೆಳುವಾದ ಸೂಜಿ ಚುಚ್ಚುವುದು ಆಕ್ಯುಪಂಕ್ಚರ್. ಅದೇ ಬಿಂದುಗಳನ್ನು ಬೆರಳಿನಿಂದ ಒತ್ತುವುದು ಆಕ್ಯುಪ್ರೆಷರ್. ಕತ್ತಿನ ಹಿಂಭಾಗದ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯ ಎರಡೂ ಪಕ್ಕದ ಬಿಂದುಗಳಿಗೆ 'ದಿಂಗ್‌ಚುವಾನ್' ಎಂದು ಹೆಸರು. ಉಬ್ಬಸವನ್ನು ಶಮನಗೊಳಿಸುವುದು ಎಂದು ಇದರ ಅರ್ಥ. ಡಾ. ಕೋಟ್ನಿಸ್‌ರೊಡನೆ 1938ರಲ್ಲಿ ಚೀನಾಕ್ಕೆ ತೆರಳಿದ್ದ ಡಾ. ಬಿ.ಕೆ. ಬಸು ಈ ಚಿಕಿತ್ಸೆಯನ್ನು ನಮ್ಮ ದೇಶಕ್ಕೆ ತಂದವರಲ್ಲಿ ಮೊದಲಿಗರು.

ಪರೀಕ್ಷೆ ಹೇಳುವುದೇನು?

ಅಸ್ತಮಾದಲ್ಲಿ ಶ್ವಾಸನಾಳದ ಒಳಪದರ ಊದಿಕೊಂಡು, ಸುತ್ತಲಿನ ಸ್ನಾಯುಗಳು ಬಿಗಿದು, ಕಫ ಕಟ್ಟಿ ಗಾಳಿಯ ದಾರಿ ಕಿರಿದಾಗುತ್ತದೆ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 39 ರೋಗಿಗಳಿಗೆ ಬೇರೆ ಬೇರೆ ದಿನ ನಿಜವಾದ ಸಾಲ್ಬುಟಮಾಲ್ ಇನ್‌ಹೇಲರ್, ಔಷಧಿಯಿಲ್ಲದ ಇನ್‌ಹೇಲರ್ ಮತ್ತು ಚರ್ಮದೊಳಗೆ ಇಳಿಯದ ಹುಸಿ ಸೂಜಿ ನೀಡಿದರು. ಕೆಲವು ದಿನ ಏನನ್ನೂ ಕೊಡಲಿಲ್ಲ. ಮೂರು ಚಿಕಿತ್ಸೆಗಳಿಂದಲೂ ಉಬ್ಬಸ ಹೆಚ್ಚುಕಡಿಮೆ ಅರ್ಧದಷ್ಟು ಇಳಿಯಿತೆಂದು ರೋಗಿಗಳು ಹೇಳಿದರು. ಆದರೆ ಯಂತ್ರಕ್ಕೆ ಊದಿಸಿ ಅಳೆದಾಗ, ನಿಜವಾದ ಔಷಧಿಯಿಂದ ಶ್ವಾಸಶಕ್ತಿ ಶೇ. 20ರಷ್ಟು ಹೆಚ್ಚಿತ್ತು. ಹುಸಿ ಚಿಕಿತ್ಸೆಗಳಲ್ಲಿ ಹೆಚ್ಚಿದ್ದು ಸುಮಾರು ಶೇ. 7, ಏನೂ ಕೊಡದಾಗಲೂ ಅಷ್ಟೇ!

ನಿಜವಾದ ಸೂಜಿ ಚಿಕಿತ್ಸೆಯ ಪ್ರಯೋಗಗಳನ್ನು 2004ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗಲೂ ಅಸ್ತಮಾಕ್ಕೆ ಅದನ್ನು ಶಿಫಾರಸು ಮಾಡುವಷ್ಟು ಪುರಾವೆ ಸಿಗಲಿಲ್ಲ.

ಅಪಾಯವಿರುವುದು ಇಲ್ಲಿಯೇ. ಎದೆ ಹಗುರವಾಯಿತೆಂದು ಅನ್ನಿಸಿದರೂ ಶ್ವಾಸನಾಳ ಕಿರಿದಾಗಿಯೇ ಇರಬಹುದು. ಅದನ್ನು ನಂಬಿ ಇನ್‌ಹೇಲರ್ ಬಿಟ್ಟವರಿಗೆ ಮುಂದಿನ ದಾಳಿ ಪ್ರಾಣಾಂತಿಕವಾಗಬಹುದು.

ಗಮನಿಸಬೇಕಾದದ್ದು

* ಮನಸ್ಸಿನ ನೆಮ್ಮದಿಗೆ ಈ ಚಿಕಿತ್ಸೆ ಬೇಕೆನಿಸಿದರೆ ನಿಮ್ಮ ವೈದ್ಯರಿಗೆ ತಿಳಿಸಿಯೇ ಪಡೆಯಿರಿ. ಔಷಧಿಯ ಜೊತೆಗಿರಲಿ, ಅದರ ಬದಲಿಗೆ ಬೇಡ.

* ಇನ್‌ಹೇಲರ್ ಚಟವಾಗುತ್ತದೆ ಎಂಬುದು ತಪ್ಪು ಕಲ್ಪನೆ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

* ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆಗೆ ದಿನವೂ ಊದಿ ಅಂಕಿಯನ್ನು ಬರೆದಿಡಿ. ಅಂಕಿ ಇಳಿಯುತ್ತಿದ್ದರೆ ವೈದ್ಯರನ್ನು ಕಾಣಿ.

* ಒಮ್ಮೆ ಬಳಸಿ ಎಸೆಯುವ ಸೂಜಿಯನ್ನೇ ಕೇಳಿ. ಎದೆಯ ಮೇಲೆ ಆಳವಾಗಿ ಚುಚ್ಚಿದರೆ ಅಪರೂಪಕ್ಕೆ ಶ್ವಾಸಕೋಶಕ್ಕೆ ತೂತಾಗುವುದುಂಟು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮೊದಲೇ ತಿಳಿಸಬೇಕು.

* ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ನೀಲಿಗಟ್ಟಿದ ತುಟಿ, ಇನ್‌ಹೇಲರ್‌ಗೂ ಬಗ್ಗದ ಉಬ್ಬಸ ಇವುಗಳಲ್ಲಿ ಯಾವುದೇ ಕಂಡರೂ ಬಿಂದು ಒತ್ತುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.