ಅನಾನಸ್ಸಿನಿಂದ ಹಳದಿ ದೀಪದವರೆಗೆ

ಶಿರಾಡಿ ಘಾಟಿ ಹತ್ತುವಾಗ ಮುಂದಿನ ಲಾರಿಯನ್ನು ಹಿಂದೆ ಹಾಕೋಣವೆಂದು ಆಕ್ಸಿಲರೇಟರ್ ಒತ್ತಿದೆ. ಗಾಡಿ ಎಳೆಯುವ ಬದಲು ಗಡಗಡ ನಡುಗಿತು. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿಣಮಿಣ ಹೊಡೆದುಕೊಂಡಿತು. ಕಾಲು ಸಡಿಲಿಸಿದೆ, ದೀಪ ನಿಂತು ಉರಿಯಿತು. ಮತ್ತೆ ಒತ್ತಿದೆ, ಮತ್ತೆ ಮಿಣಮಿಣ. ತೆವಳಿಕೊಂಡು ಸಕಲೇಶಪುರ ಮುಟ್ಟಿದಾಗ ಗ್ಯಾರೇಜಿನ ಹುಡುಗ ಬಾನೆಟ್ ಎತ್ತುವ ಮೊದಲೇ ಹೇಳಿದ: “ನಿಂತು ಉರಿದ್ರೆ ನಾಳೆ ತೋರ್ಸಿದ್ರೂ ನಡೀತದೆ ಸಾರ್. ಮಿಣಮಿಣ ಅಂದ್ರೆ ಕಾಲು ತೆಗೀಲೇಬೇಕು. ಮಿಸ್ಸಿಂಗ್ ಹೊಡೀತಿದೆ.”

ಒಂದೇ ದೀಪಕ್ಕೆ ಈ ಎರಡು ಮಾತು ಕಲಿಸಿದವರು ಯಾರು? ಹುಡುಕುತ್ತ ಹೋದರೆ ಕತೆ ಅನಾನಸ್ ಹಣ್ಣಿನ ಬಳಿ ನಿಲ್ಲುತ್ತದೆ.

1943ರ ಜುಲೈಯಲ್ಲಿ ಲಾಸ್ ಏಂಜಲೀಸ್ ನಗರಕ್ಕೆ ಕಣ್ಣುರಿಸುವ ಮಬ್ಬು ಕವಿಯಿತು. ಯುದ್ಧದ ಕಾಲ, ಜಪಾನಿನವರು ವಿಷಾನಿಲ ಬಿಟ್ಟರೆಂದೇ ಕೆಲವರು ಹೆದರಿದರು. ಕೃತಕ ರಬ್ಬರಿಗೆ ಕಚ್ಚಾ ಮಾಲು ಮಾಡುತ್ತಿದ್ದ ಕಾರ್ಖಾನೆಯ ಮೇಲೆ ಅನುಮಾನ ಬಿತ್ತು. ಅದನ್ನು ನಿಲ್ಲಿಸಿ ನೋಡಿದರು, ಮಬ್ಬು ಹೋಗಲಿಲ್ಲ.

ಅಲ್ಲೇ ಪಕ್ಕದ ಪಸಡೀನಾದ ಕ್ಯಾಲ್‌ಟೆಕ್‌ನಲ್ಲಿ ಡಚ್ ಮೂಲದ ಆರೀ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ ಅನಾನಸ್ಸಿನ ಪರಿಮಳ ಯಾತರಿಂದ ಆಗಿದೆ ಎಂದು ಶೋಧಿಸುತ್ತಿದ್ದರು. ಹಣ್ಣಿನ ಆವಿಯನ್ನು ಅತಿ ತಣ್ಣನೆಯ ಕೊಳವೆಗಳಲ್ಲಿ ಹಿಡಿದು ಹನಿಯಾಗಿಸುವ ಸಲಕರಣೆ ಅವರ ಬಳಿ ಇತ್ತು. ಅದೇ ಉಪಾಯದಿಂದ ಊರಿನ ಗಾಳಿಯನ್ನೂ ಹಿಡಿದರು. ಸಿಕ್ಕಿದ್ದು ಕೆಲವೇ ಹನಿ, ಕಂದು ಬಣ್ಣ, ಕೆಟ್ಟ ನಾತ. 1950ರ ದಶಕದ ಆರಂಭಕ್ಕೆ ಅವರ ಲೆಕ್ಕ ಕೂಡಿಬಂತು: ವಾಹನಗಳೂ ತೈಲ ಸಂಸ್ಕರಣಾ ಘಟಕಗಳೂ ಬಿಡುವ ಸುಡದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡು, ಮೇಲೆ ಬಿಸಿಲು. ಮೂರೂ ಸೇರಿದರೆ ಓಝೋನ್ ತುಂಬಿದ ಆ ಮಬ್ಬು. ತೈಲ ಉದ್ಯಮ ಒಪ್ಪಲಿಲ್ಲ. ಹಾಗೆನ್-ಸ್ಮಿಟ್ ಬಗ್ಗಿಸಿದ ರಬ್ಬರ್ ಪಟ್ಟಿಗಳನ್ನು ಗಾಳಿಗಿಟ್ಟು, ಅವು ಎಷ್ಟು ಹೊತ್ತಿಗೆ ಬಿರುಕು ಬಿಡುತ್ತವೆ ಎನ್ನುವುದರಿಂದಲೇ ಓಝೋನ್ ಅಳೆದು ತೋರಿಸಿದರು. 1968ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು.

ಸುಡದೆ ಹೊರಬಂದದ್ದನ್ನು ದಾರಿಯಲ್ಲೇ ಸುಟ್ಟುಬಿಡಬೇಕು. ಫ್ರಾನ್ಸಿನಿಂದ ಅಮೆರಿಕಕ್ಕೆ ಬಂದಿದ್ದ ಎಂಜಿನಿಯರ್ ಯೂಜೀನ್ ಹೂಡ್ರಿ ಇದಕ್ಕಾಗಿ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿದ್ದರು. ಆದರೆ ಅಂದಿನ ಪೆಟ್ರೋಲಿನಲ್ಲಿದ್ದ ಸೀಸ ಅದನ್ನು ಕೆಡಿಸಿಬಿಡುತ್ತಿತ್ತು. ಸೀಸವಿಲ್ಲದ ಪೆಟ್ರೋಲ್ ಬಂಕಿಗೆ ಬಂದು, ಕನ್ವರ್ಟರ್ ಅಮೆರಿಕದ ಕಾರುಗಳಲ್ಲಿ ಕೂತದ್ದು 1975ರ ಮಾಡೆಲ್‌ಗಳಿಂದ. ಜೇನುಹಟ್ಟಿಯಂಥ ಪಿಂಗಾಣಿ ಗಟ್ಟಿ, ಅದರ ಸಂದುಗಳಿಗೆ ಪ್ಲಾಟಿನಮ್ಮಿನಂಥ ದುಬಾರಿ ಲೋಹದ ಲೇಪ.

ಈ ಗಟ್ಟಿಗೊಂದು ಗಂಡಾಂತರವಿದೆ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಅಲ್ಲಿನ ಪೆಟ್ರೋಲೂ ಗಾಳಿಯೂ ಹಸಿಹಸಿಯಾಗಿ ಬಂದು ಕನ್ವರ್ಟರಿನೊಳಗೇ ಹೊತ್ತಿಕೊಳ್ಳುತ್ತವೆ. ಹೀಗೇ ಮುಂದುವರಿದರೆ ಜೇನುಹಟ್ಟಿ ಕರಗಿ ಮುದ್ದೆಯಾಗುತ್ತದೆ. ಶೋರೂಮು ಬಿಟ್ಟ ಕಾರನ್ನು ದಿನಾ ಯಾರು ಕಾಯುತ್ತಾರೆ? ಕಾರೇ ತನ್ನನ್ನು ಕಾಯಲಿ ಎಂದಿತು ಮಂಡಳಿ. 1988ರಲ್ಲಿ ಶುರುವಾದ ಆ ನಿಯಮ ಬಲಗೊಂಡು 1996ರ ಹೊತ್ತಿಗೆ ಒಬಿಡಿ-2 ಎಂಬ ಹೆಸರಿನಲ್ಲಿ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಬಂತು. ಭಾರತದ ಕಾರುಗಳಿಗೆ 2013ರಲ್ಲಿ.

ಕಿಡಿ ತಪ್ಪಿದ್ದು ಗೊತ್ತಾಗುವ ಬಗೆ ಚಂದ. ಎಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕಿನ ಜೊತೆ ತಿರುಗುವ ಹಲ್ಲಿನ ಚಕ್ರವೊಂದಿದೆ; ಹಲವು ಕಾರುಗಳಲ್ಲಿ 60 ಹಲ್ಲಿನ ಜಾಗ, ಎರಡು ಬೇಕೆಂದೇ ಖಾಲಿ. ಸೆನ್ಸರ್ ಒಂದೊಂದು ಹಲ್ಲು ದಾಟುವ ಹೊತ್ತನ್ನೂ ಎಣಿಸುತ್ತದೆ. ಪ್ರತಿ ಸಿಲಿಂಡರ್ ಹೊತ್ತಿದಾಗ ಕ್ರ್ಯಾಂಕಿಗೆ ಒಂದು ನೂಕು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ಹೊಡೆಯುವಾಗ ಸೆಕೆಂಡಿಗೆ ಇಂಥ 100 ನೂಕು. ಅದರಲ್ಲೊಂದು ತಪ್ಪಿದರೂ ಚಕ್ರ ಕೂದಲೆಳೆಯಷ್ಟು ತಡವಾಗುತ್ತದೆ. 200 ಸುತ್ತಿನೊಳಗೆ ತಪ್ಪು ಕನ್ವರ್ಟರ್ ಸುಡುವ ಮಟ್ಟ ಮುಟ್ಟಿತೋ, ದೀಪ ಮಿನುಗುತ್ತದೆ. ಹೊಂಡದ ರಸ್ತೆಯ ಕುಲುಕಾಟವೂ ಚಕ್ರವನ್ನು ತಡವರಿಸುವಂತೆ ಮಾಡುತ್ತದೆಂದು ಕೆಲವು ಕಾರುಗಳು ಅಂಥ ಕಡೆ ಈ ಎಣಿಕೆಯನ್ನೇ ನಿಲ್ಲಿಸುತ್ತವೆ.

ಆಕ್ಸಿಲರೇಟರ್ ಒತ್ತಿದಾಗಲೇ ಏಕೆ? ಆಗ ಸಿಲಿಂಡರಿನೊಳಗೆ ಗಾಳಿ ಒತ್ತೊತ್ತಾಗಿ ತುಂಬುತ್ತದೆ. ಖಾಲಿ ಬಸ್ಸಿನಲ್ಲಿ ಸಲೀಸಾಗಿ ಓಡಾಡುವ ಕಂಡಕ್ಟರ್ ಸಂತೆ ದಿನ ಬಾಗಿಲಿಂದ ಬಾಗಿಲಿಗೆ ಹೋಗಲು ಏದುಸಿರು ಬಿಡುವ ಹಾಗೆ, ಪ್ಲಗ್ಗಿನ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಆ ವೋಲ್ಟೇಜ್ ಕೊಡುವ ಕಾಯಿಲ್ ಬಡಕಲಾಗಿದ್ದರೆ, ಪ್ಲಗ್ ಸವೆದಿದ್ದರೆ ಅಲ್ಲೇ ಕೈಚೆಲ್ಲುತ್ತವೆ.

ಹುಡುಗ ಸ್ಕ್ಯಾನರ್ ಚುಚ್ಚಿದ. ಪಿ0302: ಎರಡನೇ ಸಿಲಿಂಡರ್. ಹೊಸ ಸಾಮಾನು ತರಿಸಲು ಅವಸರಪಡಲಿಲ್ಲ. ಎರಡನೆಯದರ ಕಾಯಿಲನ್ನು ಕಿತ್ತು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿದ. ಕೋಡ್ ಅಳಿಸಿ ಏರಿನಲ್ಲಿ ಒಂದು ಸುತ್ತು ಓಡಿಸಿ ಬಂದ. ಈಗ ಪಿ0303. “ಕಾಯಿಲ್ ಜೊತೇಲಿ ಕಾಯಿಲೆನೂ ಹೋಯ್ತು ನೋಡಿ.” ಕಾಯಿಲ್ ಬಿಟ್ಟು ಪ್ಲಗ್ಗೋ ಇಂಜೆಕ್ಟರೋ ಕೆಟ್ಟಿದ್ದರೆ ಕೋಡ್ ಎರಡರಲ್ಲೇ ಉಳಿಯುತ್ತಿತ್ತು.

ಹೊಸ ಕಾಯಿಲ್ ಕೂತಿತು. ಸ್ಟಾರ್ಟ್ ಮಾಡಿಸಿ, ಗಾಡಿಯ ಹಿಂದೆ ಹೋಗಿ ಸೈಲೆನ್ಸರಿನ ಬಳಿ ಬಗ್ಗಿ ಒಮ್ಮೆ ಮೂಗೆಳೆದ.

“ಹಸಿ ಪೆಟ್ರೋಲ್ ವಾಸನೆ ಇಲ್ಲ. ಹೊರಡಿ ಸಾರ್.”

ಪಸಡೀನಾದ ವಿಜ್ಞಾನಿ ಹಿಡಿದದ್ದೂ ಆ ವಾಸನೆಯ ಜಾಡನ್ನೇ.