ನಿಧಾನವಾಗಿದ್ದು ಬೇರೆ, ಹಳತಾಗಿದ್ದು ಬೇರೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಎಂದಿನ ಬೆಂಬಲವನ್ನು ನಿಲ್ಲಿಸಿತು. 2015ರಲ್ಲಿ ಬಂದ ಈ ಆಪರೇಟಿಂಗ್ ಸಿಸ್ಟಮ್ ಹತ್ತು ವರ್ಷ ನಡೆಯಿತು. ಇದರಿಂದ ವಿಂಡೋಸ್ 11ಕ್ಕೆ ಹೋಗೋಣವೆಂದರೆ, ‘ಈ ಕಂಪ್ಯೂಟರ್ ಅದಕ್ಕೆ ತಕ್ಕುದಲ್ಲ’ ಎಂಬ ಉತ್ತರ ಅನೇಕರಿಗೆ ಪರದೆಯ ಮೇಲೆ ಕಾಣುತ್ತದೆ. ಆಗ ಮನೆಯಲ್ಲಿ ಬರುವ ಮೊದಲ ಮಾತು, ‘ಹೇಗೂ ನಿಧಾನ ಆಗಿತ್ತು, ಹೊಸದೇ ತಗೊಂಡುಬಿಡೋಣ’. ಈ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಯಂತ್ರ ನಿಧಾನವಾಗುವುದಕ್ಕೆ ಒಂದು ಕಾರಣ, ಹೊಸ ವಿಂಡೋಸ್ ಅದನ್ನು ಒಪ್ಪದಿರುವುದಕ್ಕೆ ಮತ್ತೊಂದು. ಅವನ್ನು ಬಿಡಿಸಿ ನೋಡಿದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಕಾಯುತ್ತಾ ಕೂತ ಪ್ರೊಸೆಸರ್

ಹಳೆಯ ಕಂಪ್ಯೂಟರುಗಳಲ್ಲಿ ಕಡತಗಳು ಇರುವುದು ಹಾರ್ಡ್ ಡಿಸ್ಕಿನಲ್ಲಿ. ಅದರೊಳಗೆ ತಿರುಗುವ ತಟ್ಟೆಗಳು, ಅವುಗಳ ಮೇಲೆ ಆಚೀಚೆ ಸರಿಯುವ ಓದುತಲೆ. ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡ್ ಬೇಕು. ಒಟ್ಟು ಸುಮಾರು 13 ಮಿಲಿಸೆಕೆಂಡ್. ಅಂದರೆ ಅಲ್ಲಲ್ಲಿ ಚದುರಿದ ತುಣುಕುಗಳನ್ನು ಸೆಕೆಂಡಿಗೆ ಎಪ್ಪತ್ತೈದರಷ್ಟು ಮಾತ್ರ ಓದಬಹುದು.

ಅದೇ 13 ಮಿಲಿಸೆಕೆಂಡಿನಲ್ಲಿ 3 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ 3.9 ಕೋಟಿ ಸಲ ಬಡಿದಿರುತ್ತದೆ. ವಿಂಡೋಸ್ ಏಳುವಾಗ ಓದಬೇಕಾದ ಸಣ್ಣ ಕಡತಗಳೋ ಸಾವಿರಾರು. ಪ್ರೊಸೆಸರಿಗೆ ಶಕ್ತಿ ಇಲ್ಲವೆಂದಲ್ಲ, ಅದಕ್ಕೆ ಕೆಲಸ ತಲುಪುತ್ತಿಲ್ಲ.

ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಮಾಹಿತಿ ಫ್ಲ್ಯಾಶ್ ಚಿಪ್ಪಿನ ಕೋಶಗಳಲ್ಲಿ ವಿದ್ಯುದಾವೇಶವಾಗಿ ಕೂತಿರುತ್ತದೆ. ಎಲ್ಲಿಂದ ಓದಿದರೂ ಸುಮಾರು 0.1 ಮಿಲಿಸೆಕೆಂಡಿನೊಳಗೆ ಸಿಗುತ್ತದೆ. ಹಾಗಾಗಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಸಿಗುವ ವೇಗವನ್ನು ಅಷ್ಟೇ ದುಡ್ಡಿನ ಬೇರೆ ಯಾವ ಬಿಡಿಭಾಗವೂ ಕೊಡಲಾರದು.

ನಿಧಾನಕ್ಕೆ ಎರಡನೆಯ ಕಾರಣ ರ್‍ಯಾಮ್. 4 ಜಿಬಿ ರ್‍ಯಾಮ್ ಇರುವಲ್ಲಿ ಬ್ರೌಸರಿನಲ್ಲಿ ಹತ್ತು ಪುಟ ತೆರೆದರೆ ಜಾಗ ತುಂಬಿಹೋಗುತ್ತದೆ. ಆಗ ಸಿಸ್ಟಮ್ ಒಂದಷ್ಟು ಮಾಹಿತಿಯನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ಹಳೆಯ ಡಿಸ್ಕಿನ ನಿಧಾನ ಹೀಗೆ ರ್‍ಯಾಮಿಗೂ ಅಂಟಿಕೊಳ್ಳುತ್ತದೆ. 8 ಜಿಬಿ ಮಾಡಿಸಿದರೆ ಮನೆಬಳಕೆಗೆ ನಡೆಯುತ್ತದೆ. ಆದರೆ ಡಿಡಿಆರ್3, ಡಿಡಿಆರ್4, ಡಿಡಿಆರ್5 ರ್‍ಯಾಮುಗಳ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ್‍ಯಾಮನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಬೇಕು.

ವಿಂಡೋಸ್ 11 ಕೇಳುವುದು ವೇಗವನ್ನಲ್ಲ

ಎಸ್‌ಎಸ್‌ಡಿ ಹಾಕಿ ಓಡುವಂತಾದ ಯಂತ್ರವನ್ನೂ ವಿಂಡೋಸ್ 11 ಬೇಡವೆನ್ನಬಹುದು. ಅದು ಕೇಳುವ ರ್‍ಯಾಮ್ ಕನಿಷ್ಠ 4 ಜಿಬಿ, ಡಿಸ್ಕಿನ ಜಾಗ 64 ಜಿಬಿ. ಇವೇನೂ ದೊಡ್ಡ ಬೇಡಿಕೆಗಳಲ್ಲ. ತಡೆಯುವುದು ಇನ್ನೆರಡು ಷರತ್ತುಗಳು: ಟಿಪಿಎಂ 2.0 ಮತ್ತು ಒಪ್ಪಿತ ಪಟ್ಟಿಯಲ್ಲಿರುವ ಪ್ರೊಸೆಸರ್.

ಟಿಪಿಎಂ ಎಂದರೆ ಗುಪ್ತ ಕೀಲಿಗಳನ್ನು ಕಾಯುವ ಸಣ್ಣ ಭದ್ರತಾ ಚಿಪ್. ಕಂಪ್ಯೂಟರ್ ಏಳುವಾಗ ಒಂದು ತಂತ್ರಾಂಶ ಮುಂದಿನದನ್ನು ಎಬ್ಬಿಸುತ್ತಾ ಹೋಗುತ್ತದೆ. ಎಬ್ಬಿಸುವ ಮುನ್ನ ಪ್ರತಿಯೊಂದರ ಗಣಿತದ ಬೆರಳಚ್ಚನ್ನು ತೆಗೆದು ಈ ಚಿಪ್ಪಿನಲ್ಲಿ ದಾಖಲಿಸಲಾಗುತ್ತದೆ. ನಡುವೆ ಯಾವುದೋ ಕುತಂತ್ರಾಂಶ ನುಸುಳಿದರೆ ಬೆರಳಚ್ಚು ಬದಲಾಗುತ್ತದೆ. ಆಗ ಡಿಸ್ಕಿನ ಬೀಗ ತೆಗೆಯುವ ಕೀಲಿಯನ್ನು ಟಿಪಿಎಂ ಬಿಟ್ಟುಕೊಡುವುದಿಲ್ಲ.

ಎಷ್ಟೋ ಯಂತ್ರಗಳಲ್ಲಿ ಇದು ಪ್ರೊಸೆಸರಿನ ಭಾಗವಾಗಿಯೇ ಇದ್ದು, ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಇದನ್ನು ಪಿಟಿಟಿ ಎನ್ನುತ್ತದೆ, ಎಎಂಡಿ ಎಫ್‌ಟಿಪಿಎಂ ಎನ್ನುತ್ತದೆ. ಆನ್ ಮಾಡಿದರೆ ಆ ಅಡ್ಡಿ ಅಲ್ಲಿಗೇ ಮುಗಿಯಿತು. ಪ್ರೊಸೆಸರಿನ ಷರತ್ತಿಗೆ ಮಾತ್ರ ಇಂಥ ದಾರಿಯಿಲ್ಲ. ಸ್ಥೂಲವಾಗಿ ಇಂಟೆಲ್ ಆದರೆ 8ನೇ ಪೀಳಿಗೆ, ಎಎಂಡಿ ಆದರೆ ರೈಜೆನ್ 2000 ಸರಣಿ ಅಥವಾ ಆಮೇಲಿನದು ಬೇಕು. ಹೆಸರಿನಲ್ಲೇ ಇದು ತಿಳಿಯುತ್ತದೆ: ಐ5-7200ಯು 7ನೇ ಪೀಳಿಗೆಯದು, ಐ5-8250ಯು 8ನೆಯದು. ಮೈಕ್ರೋಸಾಫ್ಟಿನ ‘ಪಿಸಿ ಹೆಲ್ತ್ ಚೆಕ್’ ತಂತ್ರಾಂಶವೂ ಯಾವುದು ಕಡಿಮೆಯಿದೆಯೆಂದು ತೋರಿಸುತ್ತದೆ.

ಅಪ್‌ಡೇಟ್ ಇಲ್ಲದಿದ್ದರೇನು?

ವಿಂಡೋಸ್ 10, 11ರ ಒಳಗಿನ ಕೋಡ್ ಬಹುಪಾಲು ಹಂಚಿಕೊಂಡದ್ದು. 11ಕ್ಕೆ ಭದ್ರತಾ ತೇಪೆ (ಪ್ಯಾಚ್) ಬಂದಾಗ, ಅದು ಎಲ್ಲಿ ಬಿದ್ದಿದೆಯೆಂದು ನೋಡಿದ ದಾಳಿಕೋರರಿಗೆ 10ರಲ್ಲಿ ಮುಚ್ಚದೆ ಉಳಿದ ತೂತು ಗೊತ್ತಾಗಬಹುದು. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ಎಂಬ ಕುತಂತ್ರಾಂಶ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಂಗೆಡಿಸಿತು. ಅದು ಬಳಸಿದ ತೂತಿಗೆ ತೇಪೆ ಮಾರ್ಚಿನಲ್ಲೇ ಬಂದಿತ್ತು. ಸಿಕ್ಕಿಬಿದ್ದದ್ದು ತೇಪೆ ಹಾಕಿಕೊಳ್ಳದ ಯಂತ್ರಗಳು. ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿಗೆ ಈ ಅಪಾಯ ಬೇಡ. ಮನೆಬಳಕೆಯವರಿಗೆ 2026ರ ಅಕ್ಟೋಬರ್‌ವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಘೋಷಿಸಿದ್ದು ಯೋಚಿಸಲು ಸಿಕ್ಕ ವಾಯಿದೆ, ಪರಿಹಾರವಲ್ಲ.

ಈಗ ಲೆಕ್ಕ ಸುಲಭ. ಪ್ರೊಸೆಸರ್ ಪಟ್ಟಿಯಲ್ಲಿದ್ದರೆ ಎಸ್‌ಎಸ್‌ಡಿ, ರ್‍ಯಾಮ್ ಹಾಕಿಸಿ ವಿಂಡೋಸ್ 11ಕ್ಕೆ ಹೋಗಿ. ಇಲ್ಲದಿದ್ದರೆ ಅದೇ ಎಸ್‌ಎಸ್‌ಡಿಯ ಮೇಲೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಬಹುದು. ಇವು ಉಚಿತ, ಟಿಪಿಎಂ ಕೇಳುವುದಿಲ್ಲ, ಕನ್ನಡ ಟೈಪಿಂಗ್ ಇದೆ. ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ಮೊದಲು ನೋಡಬಹುದು. ಟ್ಯಾಲಿಯಂಥ, ವಿಂಡೋಸಿಗೆಂದೇ ಬರೆದ ತಂತ್ರಾಂಶ ಬೇಕೇಬೇಕು ಎನ್ನುವವರಿಗೆ ಮಾತ್ರ ಹೊಸ ಯಂತ್ರ ಅನಿವಾರ್ಯ. ಅವರು 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ ನೋಡಲಿ; ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿದ್ದರೂ ಚಿಂತೆಯಿಲ್ಲ.

ಯಾವ ದಾರಿ ಹಿಡಿದರೂ ಮೊದಲು ಕಡತಗಳ ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಆನ್ ಆಗಿದ್ದರೆ ಅದರ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡಿಗೆ ಮುಂಚಿನ ಫಾಂಟಿನಿಂದ ಟೈಪಿಸಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಹಳೆಯ ಯಂತ್ರ ಓಡುತ್ತಿರುವಾಗಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.