ಅಲ್ಪವಸ್ತುವಿನ ಮಹತ್ವ

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಮೋಟಾರು ಸೈಕಲ್ಲುಗಳು ಇಂದಿಗೂ ಹಲವು ಗೃಹಗಳಲ್ಲಿವೆ, ನಮ್ಮಲ್ಲಿಯೂ ಒಂದುಂಟು. ಒಮ್ಮೆ ಅದರ ಕಾರ್ಬ್ಯುರೇಟರನ್ನು ಅಂಗಳದಲ್ಲಿ ಬಿಚ್ಚಿದಾಗ, ಸೂಜಿಯನ್ನು ಹಿಡಿದಿಡುವ ಕಿರುಕ್ಲಿಪ್ಪು ಚಿಮ್ಮಿ ಹುಲ್ಲಿನಲ್ಲಿ ಮರೆಯಾಯಿತು. ಅಕ್ಕಿಕಾಳಿಗಿಂತ ದೊಡ್ಡದಲ್ಲದ ಅದಿಲ್ಲದೆ ವಾಹನವು ಮೂರು ದಿನ ನಿಂತಿತು.

ಅಂದಿನಿಂದ ನಾವು ಅನುಸರಿಸುವ ಕ್ರಮವಿದು. ಮೊದಲು ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ದೀಪಾಗ್ನಿಗಳನ್ನು ದೂರವಿಡಬೇಕು. ಕೆಳಗೆ ಬಿಳಿಯ ವಸ್ತ್ರವನ್ನು ಹಾಸಿ, ಕಳಚಿದ ಕ್ರಮದಲ್ಲಿಯೇ ಭಾಗಗಳನ್ನು ತಟ್ಟೆಯಲ್ಲಿ ಜೋಡಿಸಬೇಕು. ಕ್ಲಿಪ್ಪು ಸೂಜಿಯ ಎಷ್ಟನೆಯ ಗಾಡಿಯಲ್ಲಿತ್ತೆಂದು ಬರೆದಿಡಬೇಕು. ಅದು ಕೆಳಗಿಳಿದರೆ ಸೂಜಿಯು ಮೇಲೇರಿ ಪೆಟ್ರೋಲು ಅಧಿಕವಾಗಿ ವ್ಯಯವಾಗುವುದು. ಹಿತ್ತಾಳೆಯ ಜೆಟ್ಟಿನ ರಂಧ್ರಕ್ಕೆ ತಂತಿಯನ್ನು ತೂರಿಸಲಾಗದು, ರಂಧ್ರವು ಹಿಗ್ಗುವುದು. ಒಂದು ವಾಷರು ಮರೆತರೂ ಪೆಟ್ರೋಲು ಸೋರಿ, ಕಾದ ಎಂಜಿನಿನ ಬಳಿ ಬೆಂಕಿಯ ಭಯವುಂಟು.

ಅನುಸ್ವಾರವೊಂದು ಬಿಟ್ಟುಹೋದರೆ ಪದದ ಅರ್ಥವೇ ಕೆಡುವುದಷ್ಟೆ? ಯಂತ್ರದಲ್ಲಿಯೂ ಹಾಗೆಯೇ.